ಹಾರ್ಮೋನ್ ಯಾಕೆ ಬೇಕು ಇವಳಿಗೆ?

ಮನೆಯಿಂದ, ಮಾರ್ಚ್ ೧೪, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಮಂಡಿನೋವು ಕಡಿಮೆಯಾಯ್ತಾ? ಭಾವನ ಕೆಮ್ಮು? ಬರೀತಾ ಬರೀತಾ ಅಕ್ಷರ ಇರುವೆ ಸಾಲಿನ ಹಾಗೆ ಸಣ್ಣಗಾದರೆ ಬೈಬೇಡ, ಅದು ನನ್ನ ಸೋಮಾರಿತನ ಅಲ್ಲ, ಪಾರ್ಕಿನ್ಸನ್ಸ್ ಕಾಯಿಲೆಯ ಕೈಬರಹ.

ನನಗೆ ಈ ಡಾಕ್ಟರುಗಳನ್ನ, ನಮ್ಮನೆಯವರನ್ನ ಕಂಡರೆ ಹೇಸಿಗೆ ಹುಟ್ಟಿದೆ ಅಕ್ಕಾ. ಮುಟ್ಟು ನಿಲ್ತಾ ಬಂದಾಗಿನಿಂದ ಮೈಯೊಳಗೆ ಬೆಂಕಿ ಹಚ್ಚಿದ ಹಾಗೆ ಬಿಸಿ ಏರುತ್ತೆ, ಬೆವರು, ನಿದ್ದೆ ಇಲ್ಲ. ನಿದ್ದೆಗೆಟ್ಟ ದಿನ ನಡುಕದ ಮಾತ್ರೆಯೂ ಕೈಕೊಡುತ್ತೆ. ಟೈಲರ್ ಅಂಗಡಿಯಲ್ಲಿ ಕತ್ತರಿ ಹಿಡಿದು ಗಿರಾಕಿ ಎದುರಿಗೇ ಕಲ್ಲಾಗಿ ನಿಂತುಬಿಡ್ತೀನಿ. ಹಾರ್ಮೋನ್ ತಗೊಳ್ಳಬಹುದಾ ಅಂತ ನರದ ಡಾಕ್ಟರನ್ನ ಕೇಳಿದೆ. "ಅದೆಲ್ಲ ಹೆಂಗಸರ ಡಾಕ್ಟರ ಹತ್ರ ಕೇಳಮ್ಮ" ಅಂದ, ತಲೆ ಎತ್ತದೆ. ಅಲ್ಲಿಗೆ ಹೋದರೆ ಆ ಮಹಾತಾಯಿ "ಪಾರ್ಕಿನ್ಸನ್ಸ್ ಇರೋವಾಗ ನರದ ಡಾಕ್ಟರೇ ಹೇಳಬೇಕು" ಅಂದಳು, ಅದೂ ನನಗಲ್ಲ, ಪಕ್ಕದಲ್ಲಿದ್ದ ನಮ್ಮನೆಯವರಿಗೆ. ನಾನೇನು ರಿಪೇರಿಗೆ ತಂದ ಮಿಕ್ಸಿಯಾ? ಇವರು "ಈ ವಯಸ್ಸಲ್ಲಿ ಹಾರ್ಮೋನ್ ಯಾಕೆ ಬೇಕು ಇವಳಿಗೆ?" ಅಂತ ಹಲ್ಲು ಕಿರಿದರು. ಅವಳೂ ನಕ್ಕಳು. ಥೂ!

ಮೊನ್ನೆ ಇವರನ್ನ ಬಿಟ್ಟು ಒಬ್ಬಳೇ ಇನ್ನೊಬ್ಬ ಡಾಕ್ಟರಮ್ಮನ ಹತ್ರ ಹೋದೆ. ಬಸ್ಸಿನ ಮೆಟ್ಟಿಲಿಗೆ ಕಾಲು ಏಳಲಿಲ್ಲ, ಹಿಂದಿದ್ದವನು "ಕುಡಿದಿದ್ದಾಳೆ" ಅಂದ. ಕಂಬಿ ಹಿಡಿದು ಹತ್ತಿದೆ. ಈ ಡಾಕ್ಟರಮ್ಮ ಮಾತ್ರ ಕುರ್ಚಿ ನನ್ನ ಕಡೆ ತಿರುಗಿಸಿ ಕೂತರು. "ಬಿಸಿಗೆ, ನಿದ್ದೆಗೆ ಅನುಕೂಲ ಆಗಬಹುದು. ಪಾರ್ಕಿನ್ಸನ್ಸ್‌ಗೂ ಒಳ್ಳೇದು ಅಂತ ಸುಳ್ಳು ಹೇಳಲ್ಲ, ನಿಮ್ಮಂಥ ಹೆಂಗಸರ ಮೇಲೆ ಸರಿಯಾಗಿ ಅಧ್ಯಯನ ಮಾಡಿದವರೇ ಕಡಿಮೆ. ನರದ ಡಾಕ್ಟರ ಜೊತೆ ನಾನೇ ಮಾತಾಡ್ತೀನಿ. ತೀರ್ಮಾನ ನಿಮ್ಮದು" ಅಂದರು. ನನ್ನದಂತೆ ಅಕ್ಕಾ! ಅಲ್ಲೇ ಅತ್ತುಬಿಟ್ಟೆ. ಮನೆಗೆ ಬಂದು ಹೇಳಿದರೆ ಇವರು ಟೀವಿ ಸದ್ದು ಜೋರು ಮಾಡಿದರು. ಪ್ಲಗ್ ಕಿತ್ತು, ಎದುರಿಗೆ ನಿಂತು ಪೂರ್ತಿ ಹೇಳಿದೆ. ಆಮೇಲೆ ಊಟಕ್ಕೆ ತಾವೇ ತಟ್ಟೆ ಹಾಕಿಕೊಂಡರು, ಅಷ್ಟಾದರೂ ಆಯ್ತು.

ಭಾವನಿಗೆ ನಮಸ್ಕಾರ, ಮಕ್ಕಳ ಕೆನ್ನೆಗೆ ನನ್ನ ಪರವಾಗಿ ಒಂದೊಂದು ಮುತ್ತು.

ನಿನ್ನ ತಂಗಿ,
ಮೆಣಸಿ

ಬರೆಯೋದು ಮರೆತೆ ಅಂದರೆ ಸುಳ್ಳಾಗುತ್ತೆ, ಇಷ್ಟು ಹೊತ್ತು ಧೈರ್ಯ ಬರಲಿಲ್ಲ. ಮನೆಯಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಇತ್ತಾ ಅಂತ ಡಾಕ್ಟರಮ್ಮ ಕೇಳಿದರು, ಇದ್ದರೆ ಹಾರ್ಮೋನ್ ಕೊಡೋ ಮುಂಚೆ ಯೋಚಿಸಬೇಕಂತೆ. "ಅಮ್ಮ ಹೊಟ್ಟೆನೋವಲ್ಲಿ ಹೋದರು" ಅಂದೆ, ನೀವೆಲ್ಲ ಹೇಳಿಕೊಟ್ಟ ಹಾಗೆ. ಆದರೆ ಅಕ್ಕಾ, ಹೊಟ್ಟೆನೋವಿಗೆ ಅಮ್ಮನ ಎದೆಗೆ ನೀನು ಯಾಕೆ ಬಟ್ಟೆ ಸುತ್ತುತ್ತಿದ್ದೆ? ಸ್ನಾನ ಮಾಡಿಸುವಾಗ ನನ್ನನ್ನ ಯಾಕೆ ಹೊರಗೆ ಹಾಕುತ್ತಿದ್ದೆ? ಸತ್ತವಳ ಮೈಗೆ ಇನ್ನೂ ಎಂಥ ನಾಚಿಕೆ? ನಿಜ ಹೇಳು. ಹೇಳೋವರೆಗೆ ನಾನು ಆ ಔಷಧ ಮುಟ್ಟೋ ಹಾಗಿಲ್ಲ. ನೀನೂ ಒಮ್ಮೆ ಡಾಕ್ಟರಿಗೆ ತೋರಿಸಿಕೋ.