ಹಳೆಯ ಜೆರಾಕ್ಸ್‌ನ ಎರಡು ಷರತ್ತು

ಏಪ್ರಿಲ್ 5, ಬೆಳಿಗ್ಗೆ 7
ಮತ್ತೆ ಹುಬ್ಬಿನ ಪೆನ್ಸಿಲ್. ನೆತ್ತಿಯ ಬೋಳಿಗೆ ಬಳಿದು, ಮೇಲೆ ಬಿಗಿಯಾಗಿ ತುರುಬು. ಹತ್ತು ನಿಮಿಷ. ಶಾಲೆಯ ದಿನಗಳಲ್ಲಿ ಕ್ರೈಸ್ತ ಸಿಸ್ಟರ್‌ಗಳ ಹಾಸ್ಟೆಲ್‌ನಲ್ಲಿ ಕಲಿತ ಒಂದೇ ಪಕ್ಕಾ ವಿದ್ಯೆ. ಕೂದಲು ಕೀಳುತ್ತೇನೆಂದು ಇವತ್ತಿಗೂ ಯಾರಿಗೂ ಗೊತ್ತಿಲ್ಲ.

ರೂಮ್‌ಮೇಟ್ ಯಾನಿನಾ ಬೋಳು ಜಾಗ ಹಾಗೇ ಬಿಟ್ಟುಕೊಂಡು ಹೊರಟಳು. ಅವಳೂ ಕೀಳುತ್ತಾಳೆ. ಊರಿಗೆಲ್ಲ ಹೇಳಿದ್ದಾಳೆ. ಅವಳಿಗೆ ಡಾಕ್ಟರ್ ಇದ್ದಾರೆ, ಗುರುವಾರದ ಅಪಾಯಿಂಟ್‌ಮೆಂಟ್ ಇದೆ, ಕಾಯಿಲೆಗೆ ಹೆಸರಿದೆ — ಟ್ರೈಕೊಟಿಲೊಮೇನಿಯಾ. ಮಾಂಟೆವಿಡಿಯೊದ ನಮ್ಮ ಕಾಲೇಜಿನ ಇಡೀ ಫಸ್ಟ್ ಇಯರ್ ಸೈಕಾಲಜಿ ಅವಳ ಧೈರ್ಯ ಹೊಗಳಲು ಸಾಲು ನಿಂತಿದೆ.

ನನಗೇನಿದೆ? ಪೆನ್ಸಿಲ್.

ಏಪ್ರಿಲ್ 7
ಮಾಟೆ ಚಹಾದ ಸೋರೆಬುರುಡೆ ಕೈಗಿಡುತ್ತ ಯಾನಿನಾ ತಾನಾಗೇ ಹೇಳಿದಳು. "ಟಿವಿ ನೋಡ್ತಾ ಕೂತಿರ್ತೀನಿ ಕಣೇ ವಿನಿ. ಕೈ ಅದರ ಪಾಡಿಗೆ ಹೋಗಿರತ್ತೆ. ಮಡಿಲಲ್ಲಿ ಕೂದಲು ನೋಡಿದ್ಮೇಲೇ ಗೊತ್ತಾಗೋದು."

"ಕೀಳೋಕೆ ಮುಂಚೆ ಏನೂ ಅನ್ಸಲ್ವಾ?"

"ಏನೂ ಇಲ್ಲ. ಯಾಕೆ, ಇಂಗ್ಲಿಷ್ ಮಹಾರಾಣಿಯವರು ನೋಟ್ಸ್ ಮಾಡ್ಕೋತಿದೀರಾ?" ನನ್ನ ಅಜ್ಜ ಇಂಗ್ಲೆಂಡಿನವನೆಂದು ಅವಳಿಟ್ಟ ಹೆಸರು.

ನೋಟ್ಸ್ ಮಾಡಿಕೊಂಡೆ.

ಏಪ್ರಿಲ್ 8, ಮಧ್ಯಾಹ್ನ
ಸಿಕ್ಕಿತು! ಕಾಲೇಜಿನೆದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೊಂಡ ಪಾಠದ ಕಂತೆ, ಪುಟ ಹದಿನಾಲ್ಕು. ತುಡಿತ ತಡೆಯಲಾಗದವರ ಪಟ್ಟಿಯಲ್ಲಿದೆ ಈ ಕಾಯಿಲೆ — ಕದಿಯುವವರು, ಬೆಂಕಿ ಹಚ್ಚುವವರ ಜೊತೆ. ಷರತ್ತು ಎರಡು. ಕೀಳುವ ಮುನ್ನ ಒತ್ತಡ ಏರಬೇಕು. ಕಿತ್ತ ಮೇಲೆ ಹಾಯೆನಿಸಬೇಕು.

ಯಾನಿನಾಗೆ ಮೊದಲನೆಯದೇ ಇಲ್ಲ. ನನಗೆ ಎರಡೂ ಇವೆ! ಹಾಗಾದರೆ ಅಸಲಿ ಯಾರು? ಆ ಗುರುವಾರ ಯಾರದ್ದು?

ಏಪ್ರಿಲ್ 13


ಪ್ರೊಫೆಸರ್ ಬೆರುಟ್ಟಿ ಮೇಡಂ ಯಾನಿನಾಳನ್ನು ಕ್ಲಾಸಿನ ಮುಂದೆ ಕೂರಿಸಿ ಮಾತಾಡಿಸಿದರು. ಚಪ್ಪಾಳೆ. ನಾನು ಎದ್ದೆ.

"ಮೇಡಂ, ಅವಳಿಗೆ ಈ ಕಾಯಿಲೆ ಇಲ್ಲ. ಮೊದಲು ಟೆನ್ಷನ್ ಬರ್ಬೇಕು. ಅವಳಿಗೆ ಬರಲ್ಲ. ಅವಳೇ ಹೇಳಿದಾಳೆ."

"ನಿನ್ನ ಜೆರಾಕ್ಸ್ ಯಾವ ಕಾಲದ್ದಮ್ಮ?" ಮೇಡಂ ನಕ್ಕರು. "ಆ ಷರತ್ತು ತೆಗೆದು ವರ್ಷಗಳಾಯ್ತು. ಎಷ್ಟೋ ಜನ ಗೊತ್ತೇ ಇಲ್ದೆ ಕೀಳ್ತಾರೆ, ಅವ್ರನ್ನ ಹೊರಗಿಡೋಕಾಗತ್ತಾ? ಈಗ ಇದು ಕದಿಯೋರ ಪಕ್ಕದಲ್ಲೂ ಇಲ್ಲ. ಗೀಳಿನ ಕಾಯಿಲೆಗಳ ಗುಂಪಿಗೆ ಬಂದಿದೆ, ಚರ್ಮ ಕೆರ್ಕೊಳ್ಳೋದರ ಜೊತೆ."

ಕೂತುಬಿಡಬೇಕಿತ್ತು. ಕೂರಲಿಲ್ಲ.

"ಆದ್ರೆ ಟೆನ್ಷನ್ ಇರತ್ತೆ ಮೇಡಂ! ನೆತ್ತಿಯಲ್ಲಿ ಒಂದೇ ಒಂದು ಕೂದಲು, ಬೇರೆಲ್ಲದಕ್ಕಿಂತ ದಪ್ಪ, ಒರಟು... ಅದು ಸಿಗೋ ತನಕ ಉಸಿರು ಕೆಳಗಿಳಿಯಲ್ಲ. ಬುಡದ ಬಿಳಿ ಗುಳ್ಳೆ ಸಮೇತ ಬರ್ಬೇಕು. ಅರ್ಧಕ್ಕೆ ತುಂಡಾದ್ರೆ ಸಮಾಧಾನ ಇಲ್ಲ, ಇನ್ನೊಂದು ಹುಡುಕ್ಬೇಕು—"

ಇದಾವುದೂ ಜೆರಾಕ್ಸ್‌ನಲ್ಲಿಲ್ಲ. ಯಾನಿನಾ ನನ್ನ ತುರುಬನ್ನೇ ನೋಡುತ್ತಿದ್ದಳು.

ಏಪ್ರಿಲ್ 18
ಐದು ದಿನ ಮಾತಿರಲಿಲ್ಲ. ಇವತ್ತು ಬಿಸಿನೀರಿನ ಫ್ಲಾಸ್ಕ್ ಟೇಬಲ್ ಮೇಲೆ ಕುಟ್ಟಿದಳು.

"ನಿನ್ನ ಜುಟ್ಟು ಹಿಡಿದು ಎಳೀಬೇಕು ಅನ್ಸಿತ್ತು ಕಣೇ. ಆಮೇಲೆ ನೆನಪಾಯ್ತು, ನಂಗೆ ಅಂತ ನೀನೇನು ಉಳಿಸಿದೀಯ?"

ನಕ್ಕಳು. ನನಗೆ ಅಳು.

"ಗುರುವಾರ ನನ್ ಜೊತೆ ಬಾ. ಡಾಕ್ಟರಿಗೆ ಹೇಳಿಟ್ಟಿದೀನಿ."

ಕ್ಷಮಿಸುವ ದೊಡ್ಡತನವೂ ಅವಳಿಗೇ ಬೇಕು! ಅದನ್ನೂ ಬಿಡಲಿಲ್ಲ ನನಗೆ.

ಏಪ್ರಿಲ್ 21, ಗುರುವಾರ, 10.20, ಆಸ್ಪತ್ರೆಯ ಬೆಂಚು
ರಿಸೆಪ್ಷನ್‌ನವಳು ಹಳೇ ಪರಿಚಯದವಳಂತೆ ಯಾನಿನಾಳ ಕೆನ್ನೆಗೆ ಮುತ್ತು ಕೊಟ್ಟಳು. ನನಗೆ ಫಾರಂ ಕೊಟ್ಟಳು. ಹೊಟ್ಟೆ ಉರಿಯಿತು.

'ಎಂದಿನಿಂದ?' ಎಂಬಲ್ಲಿ ಬರೆದೆ — ಹನ್ನೊಂದು ವರ್ಷಗಳಿಂದ. ಬೇರೆಯವರು ಓದಲೆಂದು ಬರೆದದ್ದು ಇದೇ ಮೊದಲು.

ಯಾನಿನಾ ಇಣುಕಿದಳು. "ಹನ್ನೊಂದಾ? ನಂದು ಆರೇ ಕಣೇ!"

ಆರು. ಬರೀ ಆರು! ನಾಚಿಕೆಯಾಗಬೇಕು ನನಗೆ. ಆಗುತ್ತಿಲ್ಲ. ಒಳಗೆಲ್ಲೋ ಒಂಥರಾ...

ಹೆಸರು ಕೂಗಿದರು. ನನ್ನದು. ಅವಳದ್ದಕ್ಕಿಂತ ಮೊದಲು —