ಕರ್ಕ್ಯುಮಿನ್ ಮಹಾತ್ಮೆ

ಮಾರ್ಚ್ 4, ಬೆಳಿಗ್ಗೆ

ಮತ್ತೆ ಬೆರಳೆಲ್ಲ ಹಳದಿ. ಗ್ಲೌಸ್ ಹಾಕಿದ್ದರೂ. ಅರಿಶಿನದೊಳಗಿನ ಕರ್ಕ್ಯುಮಿನ್ ಎಂಬ ಮಹಾರಾಯ ನೀರಲ್ಲಿ ಕರಗಲೊಲ್ಲ, ಬಟ್ಟೆ ಬಿಟ್ಟು ಹೋಗಲೊಲ್ಲ — ಥೇಟ್ ಬೀಡುಬಿಟ್ಟ ನೆಂಟ. ಊದಿಕೊಂಡ ಕೀಲಿನ ಜೀವಕೋಶಗಳ ಮೇಲೆ ಇವನನ್ನು ಸುರಿಯುವುದು, ಎಷ್ಟು ಬದುಕಿದವು ಎಂದು ನೋಡುವುದು. ಲ್ಯಾಬಿನಲ್ಲಿ ಅದೇ ನನ್ನ ಉದ್ಯೋಗ. ಒಂದು ಬಣ್ಣ ಬೆರೆಸಿ ನೀಲಿ ಬೆಳಕು ಬಿಟ್ಟರೆ, ಬದುಕಿದ ಕೋಶ ಯಂತ್ರದಲ್ಲಿ ಹಸಿರಾಗಿ ಹೊಳೆಯುತ್ತದೆ.

ಮಾರ್ಚ್ 6

ಹೊಳಪೋ ಹೊಳಪು! ಕರ್ಕ್ಯುಮಿನ್ ಹೆಚ್ಚಿದಷ್ಟೂ ಬೆಳಕು. ಎಂದೂ ನಗದ ಮುಖ್ಯಸ್ಥರು ಹಲ್ಲು ತೋರಿಸಿದರು. "ಮುಂದಿನ ವಾರ ಎಲ್ಲರಿಗೂ ಹೇಳಿಬಿಡೋಣ ಕಣಮ್ಮ." ಕೂಸು ಹುಟ್ಟುವ ಮುಂಚೆ ಕುಲಾವಿ ಎಂದು ಯಾರೂ ಎಚ್ಚರಿಸಲಿಲ್ಲ. ಹೊಲಿಯುತ್ತಿದ್ದವಳು ನಾನೇ.

ಅಕ್ಕನಿಗೆ ಫೋನ್. ವರ್ಷಗಳಿಂದ ಕೀಲುವಾತ ಅವಳಿಗೆ.

"ಅರಿಶಿನ ಗೆದ್ದುಬಿಡ್ತು ಕಣೇ ಅಕ್ಕ!"

"ಹಾಗಾದ್ರೆ ಈ ಹಾಳು ಮಾತ್ರೆ ಬಿಡಬಹುದಾ?"

"ಬಿಡು, ಬಿಡು" ಎಂದುಬಿಟ್ಟೆ. ಧನ್ವಂತರಿಯೇ ಮೈಮೇಲೆ ಬಂದಿದ್ದ.

ಮಾರ್ಚ್ 9, ಮಧ್ಯಾಹ್ನ

ಅಯ್ಯೋ.

ಇನ್ನೊಮ್ಮೆ ನೋಡೋಣವೆಂದು ಪರೀಕ್ಷೆಯ ಹೊಸ ತಟ್ಟೆ ಸಿದ್ಧಮಾಡಿದೆ. ಆತುರದಲ್ಲಿ ಕೋಶ ಹಾಕುವುದನ್ನೇ ಮರೆತೆ. ಬರೀ ಕರ್ಕ್ಯುಮಿನ್. ಯಂತ್ರದ ತೀರ್ಪು: ಎಲ್ಲರೂ ಕ್ಷೇಮ! ಇಲ್ಲದ ರೋಗಿಗೂ ಗುಣ!

ಯಂತ್ರದ ನೀಲಿ ಬೆಳಕು ಬಿದ್ದರೆ ಕರ್ಕ್ಯುಮಿನ್ ತಾನೇ ಹಸಿರಾಗಿ ಹೊಳೆಯುತ್ತದೆ. ಇಷ್ಟು ದಿನ ನಾನು ನೋಡಿ ಕುಣಿದದ್ದು ಬದುಕಿದವರನ್ನಲ್ಲ, ಮದ್ದನ್ನೇ.

ಅಕ್ಕ ಫೋನ್ ಎತ್ತುತ್ತಿಲ್ಲ. ಹಿಂದೊಮ್ಮೆ ಮಾತ್ರೆ ಬಿಟ್ಟು ಆಸ್ಪತ್ರೆ ಸೇರಿದ್ದಳು...

ಅದೇ ದಿನ, ಸಂಜೆ

ಎತ್ತಿದಳು.

"ಅಕ್ಕ, ಮಾತ್ರೆ ನಿಲ್ಲಿಸಬೇಡ ಕಣೇ!"

"ಯಾರು ನಿಲ್ಲಿಸಿದ್ರು?"

"ನಾನೇ ಬಿಡು ಅಂದಿದ್ನಲ್ಲ..."

"ನಿನ್ನ ಮಾತು ನಾನು ಯಾವತ್ತು ಕೇಳಿದ್ದೀನಿ? ಹಿತ್ತಲ ಗಿಡ ಮದ್ದಲ್ಲ, ಮನೆ ತಂಗಿ ಡಾಕ್ಟರಲ್ಲ."

ಹೋದ ಜೀವ ಬಂತು. ಚಿಕ್ಕಂದಿನಿಂದ ಬೈದುಕೊಂಡು ಬಂದ ಅವಳ ಹಠಕ್ಕೆ ಇವತ್ತು ಕೈಮುಗಿದೆ.

ಮಾರ್ಚ್ 10

ಮುಖ್ಯಸ್ಥರಿಗೆ ಹೇಳಿದೆ. ಹಲ್ಲು ಒಳಗೆ ಹೋದವು. "ಸದ್ಯ, ಡಂಗುರ ಹೊಡೆಯೋ ಮುಂಚೆ ಗೊತ್ತಾಯ್ತಲ್ಲ" ಎಂದು ನಿಟ್ಟುಸಿರುಬಿಟ್ಟರು. ನನ್ನದೂ ಅದರ ಜೊತೆ ಸೇರಿತು.

ಅರಿಶಿನದ ಮೇಲೆ ಕೋಪವಿಲ್ಲ. ಗುಣ ಇದ್ದರೂ ಇರಬಹುದು, ಪಾಪ. ನಾನಿನ್ನೂ ಸರಿಯಾಗಿ ಕೇಳಿಯೇ ಇಲ್ಲ. ಹೊಳಪು ನಂಬದ ಬೇರೆ ಪರೀಕ್ಷೆ ಶುರು.

ಈಗ ಅಕ್ಕನದೇ ಫೋನ್. "ಏನಂತೆ ನಿನ್ನ ಅರಿಶಿನ?"

"ಗೊತ್ತಿಲ್ಲ ಕಣೇ ಇನ್ನೂ."

"ಹಾಂ, ಈ ಮಾತು ನಂಬ್ತೀನಿ."

ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು. ನಗುತ್ತಲೇ ಮಾತ್ರೆ ನುಂಗಿದ ಸದ್ದು, ನೀರಿನ ಗುಟುಕು... ಅಷ್ಟು ಹಿತವಾದ ಸದ್ದು ನಾನು ಎಂದೂ ಕೇಳಿರಲಿಲ್ಲ.