ಮೂವತ್ತೊಂದನೆಯ ಸಂಚಿಕೆ

ವಿನಿಪೆಗ್
ಶನಿವಾರ, ೮ ಮಾರ್ಚ್ ೨೦೧೪

ಪ್ರೀತಿಯ ಡೆಲ್ಬರ್ಟ್,

ಇಷ್ಟು ವರ್ಷಗಳ ಮೇಲೆ ನನ್ನ ಕೈಬರಹ ಕಂಡು, ಯಾರೋ ಸತ್ತಿರಬೇಕು ಎಂದುಕೊಂಡಿರುತ್ತೀಯ. ಹೌದು. ಮಾರ್ಲಿಸ್ ಟೇವ್ಸ್ ಹೋದ ತಿಂಗಳು ಬ್ರ್ಯಾಂಡನ್‌ನಲ್ಲಿ ತೀರಿಕೊಂಡಳು. ಪೇಪರಿನಲ್ಲಿ ಐದು ಸಾಲು ಬಂದಿತ್ತು. ಶಾಲೆಯೊಂದರ ಅಡುಗೆಮನೆಯಲ್ಲಿ ಇಪ್ಪತ್ತೆರಡು ವರ್ಷ ದುಡಿದಳಂತೆ, ಹೊಲಿಗೆಯೆಂದರೆ ಇಷ್ಟವಂತೆ. ಅವಳು ಹಾಡುತ್ತಿದ್ದಳು ಎಂಬ ಮಾತೇ ಇಲ್ಲ.

ಇನ್ನೊಂದು ಸುದ್ದಿ. ನಮ್ಮ ‘ಬ್ಲಾಕ್ ಹೀಟರ್’ನ ಮೂವತ್ತಮೂರೂ ಸಂಚಿಕೆಗಳನ್ನು ಇಲ್ಲಿನ ಗ್ರಂಥಾಲಯ ಕಾಪಿಡುತ್ತದಂತೆ. ಜೊತೆಗಿಡಲು ಪತ್ರಿಕೆಯ ಚರಿತ್ರೆಯನ್ನು ನಾಲ್ಕು ಪುಟಗಳಲ್ಲಿ ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಮೊದಲೆರಡು ಪುಟ ತಾನಾಗಿ ಬಂದವು. ಎಂಬತ್ತಮೂರರ ಆ ಚಳಿಯಲ್ಲಿ ನಿನ್ನ ಕಾರು ಕೆಟ್ಟು ನಿಂತು, ಟೊರಾಂಟೊದಿಂದ ಬಂದ ಬ್ಯಾಂಡನ್ನು ನೋಡುವುದು ತಪ್ಪಿತಲ್ಲ. “ಹೋಗ್ಲಿ ಬಿಡು, ನಮ್ಮೂರಿನ ನೆಲಮಾಳಿಗೆಗಳಲ್ಲಿ ಬಾರಿಸೋರು ಎಷ್ಟು ಜನ ಇದಾರೆ. ಅವ್ರ ಬಗ್ಗೆ ಯಾರೂ ಬರೆಯಲ್ಲ, ನಾವೇ ಬರಿಯೋಣ” ಅಂದೆ ನೀನು. ಇಂಜಿನ್ ಬೆಚ್ಚಗಿಡುವ ಹೀಟರಿನ ವೈರು ಕಾರಿನ ಮೂತಿಯಿಂದ ಜೋತುಬಿದ್ದಿತ್ತು. ಸಂಪಾದಕ ನೀನಾದೆ, ಆ ವೈರು ನೋಡಿ ಹೆಸರಿಟ್ಟವಳು ನಾನು.

ಊಟದ ಮೇಜಿನ ಮೇಲೆ ನಾವು ಕಾಲಂ ಕತ್ತರಿಸಿ ಅಂಟಿಸುವಾಗ ನನ್ನಮ್ಮ ಆಲೂಗಡ್ಡೆ ತುಂಬಿದ ಪೆರೋಗಿ ಕಡುಬು ತಂದಿಟ್ಟು, “ಇಷ್ಟೊಂದು ಓದೋ ಹೊತ್ತಿಗೆ ಹಾಡೇ ಕೇಳ್ಬೋದಲ್ರೇ” ಅನ್ನುತ್ತಿದ್ದಳು. ಹೊಗಳಿ ಬರೆದರೆ ಮಾತ್ರ ಜಾಹೀರಾತು ಎಂದ ರೆಕಾರ್ಡ್ ಕಂಪನಿಯವನಿಗೆ ನೀನು, “ಹೊಗಳಿಕೆ ಬೇಕಾದ್ರೆ ನಿಮ್ಮಮ್ಮನ್ನ ಕೇಳಪ್ಪ” ಅಂದದ್ದನ್ನೂ ಬರೆದೆ.

ಆಮೇಲೆ ಮೂವತ್ತೊಂದನೆಯ ಸಂಚಿಕೆ ಬಂತು. ಅಲ್ಲಿ ಎರಡು ದಿನ ಪೆನ್ನು ಮುಂದೆ ಹೋಗಲಿಲ್ಲ.

ಮುಖಪುಟದಲ್ಲಿ ಮಾರ್ಲಿಸ್ ಇದ್ದಳು. ಸಂದರ್ಶನ ನಿನ್ನದು. ಹದಿನೇಳನೆಯ ವಯಸ್ಸಿನಲ್ಲಿ ಹೆತ್ತ ಮಗುವನ್ನು ದತ್ತು ಕೊಟ್ಟದ್ದನ್ನು ಅವಳು ನಿನಗೆ ಹೇಳಿ, “ಇದನ್ನ ಮಾತ್ರ ಹಾಕ್ಬೇಡ ಡೆಲ್. ನಮ್ಮಪ್ಪಂಗೆ ಗೊತ್ತಿಲ್ಲ” ಎಂದಿದ್ದಳು. ಆದರೂ ಅದು ಅಚ್ಚಾಯಿತು. ಕಟ್ಟುನಿಟ್ಟಿನ ಮೆನೊನೈಟ್ ಕ್ರೈಸ್ತರ ಹಳ್ಳಿಯಲ್ಲಿದ್ದ ಅವಳಪ್ಪನಿಗೆ ಯಾರೋ ಒಂದು ಪ್ರತಿ ತಲುಪಿಸಿದರು. ಅಪ್ಪ ಬೈಯಲಿಲ್ಲ. ಅವಳು ಮನೆಗೆ ಹೋದಾಗ ಬಾಗಿಲು ತೆರೆಯಲಿಲ್ಲ, ಅಷ್ಟೆ.

ಮರುವಾರ ಅವಳು ಬಂದು ನಮ್ಮ ಅಡುಗೆಮನೆಯಲ್ಲಿ ಕೋಟು ಕೂಡ ಬಿಚ್ಚದೆ ನಿಂತು ಹೇಳಿದ್ದು ನಿನಗೂ ಮರೆತಿರಲಿಕ್ಕಿಲ್ಲ. “ನಿಂಗೊಬ್ಬನಿಗೇ ಹೇಳಿದ್ದೆ ಕಣೋ. ನಾನು ಹಾಡೋದು ಬಿಟ್ಟೆ. ಅದನ್ನೂ ಹಾಕ್ಕೋ.”

ಅವಳು ಹೋದ ಮೇಲೆ ನೀನು ನನ್ನ ಕಡೆ ತಿರುಗಿ ಕೇಳಿದೆ: “ನಾನು ಆ ಪ್ಯಾರಾ ಹೊಡೆದು ಹಾಕಿದ್ದೆ ಅಲ್ವಾ, ಓರಿಸ್ಯಾ?”

ನಾನು ಚಹಾ ಬಗ್ಗಿಸುತ್ತಿದ್ದೆ. “ಇಲ್ಲ” ಅಂದೆ.

ನೀನು ಹೊಡೆದು ಹಾಕಿದ್ದೆ ಡೆಲ್ಬರ್ಟ್. ಕೆಂಪು ಶಾಯಿಯಲ್ಲಿ, ಎರಡು ಸಲ. ಪುಟ ಅಂಟಿಸಿದ ಭಾನುವಾರ ನೀನು ಊರಲ್ಲಿರಲಿಲ್ಲ. ನಾಲ್ಕು ಅಂಗುಲ ಜಾಗ ಖಾಲಿ ಉಳಿದಿತ್ತು, ಅದಕ್ಕೆ ನಾನೇ ಆ ಪ್ಯಾರಾ ಹಾಕಿದೆ. ಇಪ್ಪತ್ತೈದು ವರ್ಷ ನನಗೆ ನಾನೇ ಹೇಳಿಕೊಂಡ ಕಾರಣ ಇದು. ಖಾಲಿ ಜಾಗಕ್ಕೆ ಕಾರ್ಯಕ್ರಮಗಳ ಪಟ್ಟಿ ಹಾಕಬಹುದಿತ್ತು. ನಿಜವೇನೆಂದರೆ, ಬೆರಳಚ್ಚು ಮಾಡಲು ನಿನ್ನ ಕ್ಯಾಸೆಟ್ ಕೇಳಿದವಳು ನಾನು. ಮಗುವಿನ ವಿಷಯ ಹೇಳಿ ಅವಳು ಅತ್ತಾಗ ನೀನು “ಅಳಬೇಡ್ವೇ” ಎಂದದ್ದು ಅದರಲ್ಲಿತ್ತು. ನಮ್ಮ ಮಗು ಹೊಟ್ಟೆಯಲ್ಲೇ ಹೋದಾಗ ನೀನು ನನ್ನೊಡನೆ ಆ ದನಿಯಲ್ಲಿ ಮಾತಾಡಿರಲಿಲ್ಲ. ನಿಮ್ಮಿಬ್ಬರ ನಡುವೆ ಏನೂ ಇರಲಿಲ್ಲವೆಂದು ಆಗಲೂ ಗೊತ್ತಿತ್ತು.

ಆಮೇಲೆ ನೀನು ನಿನ್ನ ನೆನಪನ್ನೇ ನಂಬದಾದೆ. ಬರೆದದ್ದನ್ನು ನಾಲ್ಕು ನಾಲ್ಕು ಸಲ ಓದಿ ಹರಿದುಹಾಕುತ್ತಿದ್ದೆ. ಇನ್ನೆರಡು ಸಂಚಿಕೆ ಬಂದು ಪತ್ರಿಕೆ ನಿಂತಿತು, ಮರುವರ್ಷ ನೀನೂ ಹೊರಟೆ. ಥಾಂಪ್ಸನ್‌ನ ಗಣಿಯಲ್ಲಿ ಕೆಲಸ ಹಿಡಿದೆ ಎಂದು ಕೇಳಿದಾಗ, ನಿಜ ಹೇಳಿ ನಾನು ಒಂದು ಸಾಲು ಬರೆದರೆ ಸಾಕು, ನೀನು ಮತ್ತೆ ಬರೆಯಲು ಕೂರುತ್ತೀಯ ಅನಿಸಿತ್ತು. ಬರೆಯಲಿಲ್ಲ. ಮಾರ್ಲಿಸ್ ಬದುಕಿದ್ದಷ್ಟು ದಿನ, ಅವಳಿಗೆ ಗೊತ್ತಾಗಿಬಿಡುತ್ತದೆ ಎಂಬ ಹೆದರಿಕೆಯಿತ್ತು. ಈಗ ಅವಳಿಲ್ಲ, ಬರೆಯುತ್ತಿದ್ದೇನೆ. ಇದನ್ನು ಧೈರ್ಯ ಎಂದುಕೊಳ್ಳಬೇಡ.

ಉತ್ತರ ಬೇಕೆಂದು ಕೇಳುವ ಮುಖ ನನಗಿಲ್ಲ.

ಒಂದು ಕಾಲಕ್ಕೆ ನಿನ್ನವಳಾಗಿದ್ದ
ಓರಿಸ್ಯಾ

ಮರೆತ ಮಾತು: ಚರಿತ್ರೆಯನ್ನು ಹೋದ ಸೋಮವಾರವೇ ಗ್ರಂಥಾಲಯಕ್ಕೆ ಕೊಟ್ಟುಬಿಟ್ಟೆ. ಮೂವತ್ತೊಂದರ ಬಗ್ಗೆ ಒಂದೇ ಸಾಲು ಬರೆದಿದ್ದೇನೆ, ‘ಸಂಪಾದಕರ ಕಣ್ತಪ್ಪಿನಿಂದ ಒಂದು ಪ್ಯಾರಾ ಅಚ್ಚಾಯಿತು’ ಎಂದು. ತಿದ್ದುವುದೇನಾದರೂ ಇದೆಯೇ ಎಂದು ನಿನ್ನೆ ಅಲ್ಲಿಂದ ಫೋನ್ ಬಂದಿತ್ತು. ಏನೂ ಇಲ್ಲ, ಎಲ್ಲ ಸರಿಯಾಗಿದೆ ಅಂದೆ.